ಮೇಷ್ಟ್ರ ಪ್ಯಾಂಟು, ಟೀಚರಮ್ಮನ ಸೀರೆ

ಸರ್ಕಾರಗಳಿಗೆ ಆಗಾಗ ಮೇಷ್ಟ್ರ ಪ್ಯಾಂಟಿನ ಮೇಲೆ ಕಣ್ಣು ಬೀಳುತ್ತದೆ. ಶಾಲೆಯ ಸೂರು ಸೋರಿದರೆ ಕಾಣದ ಕಣ್ಣು, ಮೂರು ತರಗತಿಗೆ ಒಬ್ಬರೇ ಮೇಷ್ಟ್ರಿದ್ದರೆ ಕಾಣದ ಕಣ್ಣು, ಅವರು ಹಾಕಿರೋದು ಜೀನ್ಸೋ ಟೆರಿಕಾಟೋ ಎಂಬುದನ್ನು ಮಾತ್ರ ರಾಜಧಾನಿಯಲ್ಲಿ ಕೂತೇ ಪತ್ತೆ ಮಾಡುತ್ತದೆ. 2023ರ ಮೇ ತಿಂಗಳಲ್ಲಿ ಅಸ್ಸಾಂ ಸರ್ಕಾರ, ಶಿಕ್ಷಕರು ಜೀನ್ಸು, ಟೀ ಶರ್ಟು ಹಾಕಬಾರದು, ಶಿಕ್ಷಕಿಯರು ಅದರ ಜೊತೆಗೆ ಲೆಗಿಂಗ್ಸನ್ನೂ ಹಾಕಬಾರದು ಎಂದು ಆದೇಶ ಹೊರಡಿಸಿತು. 2024ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಶಾಲಾ ಶಿಕ್ಷಣ ಇಲಾಖೆಯೂ ಅದೇ ಹಾದಿ ಹಿಡಿಯಿತು. ಹೆಂಗಸರು ಸೀರೆ ಉಡಬೇಕು, ಇಲ್ಲವೇ ಸಲ್ವಾರ್ ಅಥವಾ ಚೂಡಿದಾರದ ಮೇಲೆ ಕುರ್ತಾ ಹಾಕಿ ದುಪಟ್ಟಾ ಹೊದೆಯಬೇಕು. ಗಂಡಸರು ಶರ್ಟು ಪ್ಯಾಂಟು ಹಾಕಬೇಕು, ಶರ್ಟನ್ನು ಪ್ಯಾಂಟಿನೊಳಗೆ ಸೇರಿಸಿರಬೇಕು. ಜೀನ್ಸು, ಟೀ ಶರ್ಟು, ಚಿತ್ರ ಬರೆದ ಬಟ್ಟೆ ಯಾವುದೂ ಬೇಡ. ಇದರ ಜೊತೆಗೆ ಒಂದು ಬಹುಮಾನವೂ ಇತ್ತು. ಡಾಕ್ಟರು ಹೆಸರಿನ ಹಿಂದೆ 'ಡಾ.' ಹಾಕುವ ಹಾಗೆ, ಶಿಕ್ಷಕರು ಇಂಗ್ಲಿಷಿನ ಟಿ, ಆರ್ ಎಂಬ ಎರಡಕ್ಷರ ಹಾಕಿಕೊಳ್ಳಬಹುದಂತೆ.

ಈ ಪುಟ ಓದುವ ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ನಮ್ಮವರಿಗೆ ಇದು ದೂರದ ಸುದ್ದಿಯಲ್ಲ. ಅಲ್ಲಿನ ಕನ್ನಡ ಶಾಲೆಗಳ ಮೇಷ್ಟ್ರುಗಳೂ ಇದೇ ಸೂಚನೆಗೆ ಒಳಪಟ್ಟವರು. ಗಡಿನಾಡಿನ ಕನ್ನಡ ಮೇಷ್ಟ್ರ ಅವಸ್ಥೆ ನೋಡ್ರಿ. ಪಾಠ ಒಂದೇ, ಅಕ್ಷರ ಒಂದೇ, ಆದರೆ ಯಾವ ಸರ್ಕಾರದ ಕೈಕೆಳಗೆ ಇದ್ದಾರೋ ಅದಕ್ಕೆ ತಕ್ಕ ಹಾಗೆ ಬಟ್ಟೆಯ ಮಾತು ಬದಲಾಗುತ್ತದೆ. ಜತ್ತದಲ್ಲಿ ಹೀಗಾದರೆ, ಕೇರಳದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿದೆ. ಕಲಿಸುವ ಹೆಂಗಸರಿಗೆ ಸೀರೆಯನ್ನೇ ಉಡಬೇಕೆಂದು ಯಾವ ಸಂಸ್ಥೆಯೂ ಒತ್ತಾಯ ಮಾಡುವ ಹಾಗಿಲ್ಲ ಎಂದು 2014ರಲ್ಲಿ ಹೇಳಿದ್ದನ್ನು ಅಲ್ಲಿನ ಉನ್ನತ ಶಿಕ್ಷಣ ಇಲಾಖೆ 2021ರ ನವೆಂಬರ್‌ನಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ಒಂದು ಸಲ ಹೇಳಿದರೆ ಆಡಳಿತ ಮಂಡಳಿಗಳ ಕಿವಿಗೆ ಬೀಳುವುದಿಲ್ಲ ಎಂದಾಯಿತು. ತಮಿಳುನಾಡು 2019ರಲ್ಲಿ ತನ್ನ ಸಚಿವಾಲಯದ ನೌಕರರಿಗೆ ಉಡುಪಿನ ನಿಯಮ ಮಾಡಿದಾಗ ಪ್ಯಾಂಟಿನ ಪಕ್ಕದಲ್ಲೇ ಪಂಚೆಗೂ ಜಾಗ ಕೊಟ್ಟಿತು. ಅದು ಶಾಲೆಯ ಮಾತಲ್ಲ, ನಿಜ. ಆದರೂ ಪಂಚೆಯನ್ನು ನೆನಪಿಟ್ಟ ಒಂದು ಸರ್ಕಾರವಾದರೂ ಸುತ್ತಮುತ್ತ ಇದೆಯಲ್ಲ ಎಂದು ಪಂಚೆ ಉಡುವ ನನಗೆ ಸಮಾಧಾನ.

ನಮ್ಮ ಆಂಧ್ರದ ರಾಯದುರ್ಗ ಸೀಮೆಯಲ್ಲಿ ಈ ಮಾತು ಎದ್ದಿದ್ದು ಮೇಲಿನಿಂದಲ್ಲ, ಕೆಳಗಿನಿಂದ. 2024ರ ಡಿಸೆಂಬರ್ 7ರಂದು ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ತಂದೆತಾಯಿಗಳ ದೊಡ್ಡ ಸಭೆ ನಡೆಯಿತು. ನಮ್ಮೂರ ಶಾಲೆಯಲ್ಲೂ ಶಾಮಿಯಾನ ಹಾಕಿದರು, ರಂಗೋಲಿ ಬಿಟ್ಟರು. ಮಕ್ಕಳ ಓದು ಬರಹ, ಬಿಸಿಯೂಟ, ಕಕ್ಕಸುಮನೆ ಎಲ್ಲ ಮುಗಿದು ಇನ್ನೇನು ಎದ್ದು ಹೊರಡಬೇಕು, ಅಷ್ಟರಲ್ಲಿ ನಮ್ಮೂರ ಹಿರಿಯರೊಬ್ಬರು ಎದ್ದು ನಿಂತರು. ಕನ್ನಡ ಹೇಳಿಕೊಡುವ ಟೀಚರಮ್ಮ ಚೂಡಿದಾರದಲ್ಲಿ ಬರ್ತಾರೆ, ಶಾಲೆಗೆ ಲಕ್ಷಣವಾಗಿ ಸೀರೆ ಉಟ್ಟು ಬರಲಿ ಎಂದು ನೇರವಾಗೇ ಹೇಳಿದರು. ಅವರ ಹಿಂದೆ ಕೂತಿದ್ದ ಕಿರಾಣಿ ಅಂಗಡಿಯವರು ತೆಲುಗಿನಲ್ಲಿ ಒಗ್ಗರಣೆ ಹಾಕಿದರು: "ಟೀಚರ್ ಅಂಟೇ ಟೀಚರ್ ಲಾಗಾ ಉಂಡಾಲ ಕದಾ!" ಟೀಚರಮ್ಮ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದರು. ತಲೆ ಎತ್ತಲಿಲ್ಲ.

ಆಕೆ ಬರುವುದು ಬಳ್ಳಾರಿಯಿಂದ. ಮುಂಜಾನೆ ಆರೂವರೆಗೆ ಮನೆ ಬಿಟ್ಟು, ಬಸ್ಸಿನಲ್ಲಿ ಕ್ರಾಸಿನ ತನಕ ಬಂದು, ಅಲ್ಲಿ ಹೋಟ್ಲಿನವರ ಹತ್ತಿರ ಬಿಟ್ಟಿರುವ ಸ್ಕೂಟಿ ತೆಗೆದುಕೊಂಡು ಮೂರು ಕಿಲೋಮೀಟರು ಕಚ್ಚಾ ರಸ್ತೆಯಲ್ಲಿ ಊರಿಗೆ ಬರುತ್ತಾರೆ. ಒಂದು, ಎರಡನೇ ಕ್ಲಾಸಿನ ಮಕ್ಕಳ ಜೊತೆ ನೆಲದ ಮೇಲೆ ಕೂತು ಅಕ್ಷರ ತಿದ್ದಿಸುತ್ತಾರೆ. ದಿನಕ್ಕೆ ಎಷ್ಟು ಸಲ ಏಳಬೇಕು, ಎಷ್ಟು ಸಲ ಕೂರಬೇಕು ಎಂದು ಲೆಕ್ಕ ಹಾಕಿದವರು ಯಾರು? ಶೇಂಗಾ ಹೊಲದಲ್ಲಿ ಕಳೆ ತೆಗೆಯುವ ನಮ್ಮ ಹೆಂಗಸರು ಸೀರೆಯನ್ನು ಮೊಣಕಾಲ ತನಕ ಎತ್ತಿ ಸೊಂಟಕ್ಕೆ ಸಿಗಿಸಿಕೊಳ್ಳುತ್ತಾರೆ, ಮೇಲೊಂದು ಗಂಡಸರ ಹಳೇ ಶರ್ಟು ಹಾಕಿಕೊಳ್ಳುತ್ತಾರೆ. ಯಾರೂ ಲಕ್ಷಣದ ಮಾತೆತ್ತುವುದಿಲ್ಲ. ಕೆಲಸಕ್ಕೆ ತಕ್ಕ ಉಡುಪು ಎಂಬುದು ರೈತರಾದ ನಮಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಶಾಲೆಯ ಬಾಗಿಲಿಗೆ ಬಂದ ಕೂಡಲೇ ಅದು ಹೇಗೆ ಮರೆತು ಹೋಗುತ್ತದೋ ಏನೋ.

ಬೈಕು, ಸ್ಕೂಟರಿನ ಹಿಂದೆ ಕೂತ ಹೆಂಗಸರ ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕಿ ಬಿದ್ದವರ ಸುದ್ದಿ ನಮ್ಮ ಕಡೆ ಹೊಸದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ, ಹಿಂದೆ ಕೂತವರ ಬಟ್ಟೆ ಸಿಕ್ಕಿಹಾಕಿಕೊಳ್ಳದ ಹಾಗೆ ಹಿಂದಿನ ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚಿರಬೇಕು ಎಂದಿದೆ. ಅಂದರೆ ಮೋಟಾರು ಇಲಾಖೆಗೆ ಗೊತ್ತಿರುವ ಸಂಗತಿ ಇದು. ಶಿಕ್ಷಣ ಇಲಾಖೆಗಳಿಗೂ ಊರ ಹಿರಿಯರಿಗೂ ಇನ್ನೂ ಗೊತ್ತಾಗಬೇಕು. ಹಾಗಂತ ಸೀರೆ ಉಡುವವರು ಉಡಬಾರದು ಎಂದು ನಾನು ಹೇಳುತ್ತಿಲ್ಲ. ನಮ್ಮ ಪಕ್ಕದೂರಿನ ಹೈಸ್ಕೂಲಿನಲ್ಲಿ ರಿಟೈರಾಗುವ ವಯಸ್ಸಿನ ಟೀಚರೊಬ್ಬರು ದಿನಾ ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು ಬರುತ್ತಾರೆ. ಅವರಿಗೆ ಅದೇ ಸಲೀಸು. ಅವರನ್ನು ಚೂಡಿದಾರ ಹಾಕಿ ಅಂದರೂ ಅದು ಅಷ್ಟೇ ಅನ್ಯಾಯ.

ನಾನು ಎರಡು ಭಾಷೆಯಲ್ಲಿ ಪದ್ಯ ಕಟ್ಟುವವನು, ಆದ್ದರಿಂದ ಮಾತಿನ ನಡುವೆ ಒಂದು ಸಣ್ಣ ತಮಾಷೆ. ತೆಲುಗಿನಲ್ಲಿ 'ಬಟ್ಟಲು' ಅಂದರೆ ಉಡುವ ಬಟ್ಟೆಗಳು. ಕನ್ನಡದಲ್ಲಿ ಬಟ್ಟಲು ಅಂದರೆ ಉಣ್ಣುವ ಪಾತ್ರೆ. ನಮ್ಮ ಮನೆಗೆ ಚಿತ್ರದುರ್ಗದ ಕಡೆಯಿಂದ ಬಂದ ನೆಂಟರೊಬ್ಬರು, ಪಕ್ಕದ ಮನೆಯ ತೆಲುಗಿನವರು "ಬಟ್ಟಲು ಉತಕಾಲಿ" ಅಂದಾಗ, ಬಟ್ಟಲು ತೊಳೆಯೋದಕ್ಕೆ ಇಷ್ಟು ಸೋಪು ಯಾಕೆ ಅಂತ ಕೇಳಿದ್ದರು. ನಗಬೇಡಿ, ಈ ಲೇಖನದ ಅರ್ಧ ವಿಷಯ ಆ ಒಂದು ಶಬ್ದದಲ್ಲೇ ಇದೆ. ಖಾಸಗಿ ಶಾಲೆಯ ಟೀಚರ ಮೈಮೇಲಿನ ಬಟ್ಟಲು, ಅವರ ಮನೆಯ ಊಟದ ಬಟ್ಟಲಿನಿಂದಲೇ ಬರುತ್ತದೆ.

ನನ್ನ ಸೊಸೆ ಡಿ.ಎಡ್. ಮಾಡಿಕೊಂಡವಳು. ಪಟ್ಟಣದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನಾಲ್ಕು ವರ್ಷದಿಂದ ಕಲಿಸುತ್ತಾಳೆ. ತಿಂಗಳಿಗೆ 9,000 ರೂಪಾಯಿ. ಬೇಸಿಗೆ ರಜೆಯ ಒಂದೂವರೆ ತಿಂಗಳು ಸಂಬಳವಿಲ್ಲ. ಪ್ರತಿ ವರ್ಷ ಜೂನ್‌ನಲ್ಲಿ ಶಾಲೆಯವರು ಎರಡು ಸೀರೆ ಕೊಡುತ್ತಾರೆ. ಕೊಡುತ್ತಾರೆ ಅಂದರೆ ಮಾರುತ್ತಾರೆ. ಒಂದಕ್ಕೆ 850 ರೂಪಾಯಿ, ಎರಡಕ್ಕೆ 1,700. ಕುಪ್ಪಸಕ್ಕೆ ಲೈನಿಂಗ್ ಬಟ್ಟೆ, ಹೊಲಿಗೆ ಕೂಲಿ ಎಲ್ಲ ಸೇರಿ ಇನ್ನೊಂದು 900. ಈ ದುಡ್ಡು ಜೂನ್, ಜುಲೈ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಹೋದ ವರ್ಷದ ಸೀರೆ ಈ ವರ್ಷ ನಡೆಯುವುದಿಲ್ಲ, ಯಾಕೆಂದರೆ ಬಣ್ಣ ಬದಲಾಗಿರುತ್ತದೆ. ನೇರಳೆ ಇದ್ದದ್ದು ಹಸಿರಾಗಿರುತ್ತದೆ. ಬಟ್ಟೆ ನೋಡಿದರೆ ಅಪ್ಪಟ ಸಿಂಥೆಟಿಕ್. ಮಾರ್ಚ್ ಮಧ್ಯದಿಂದ ನಮ್ಮ ಕಡೆ ಒಂಟಿ ಹೊತ್ತಿನ ಬಡಿ ನಡೆಸುವಷ್ಟು ಬಿಸಿಲು. ಆ ಬಿಸಿಲಲ್ಲಿ ತಗಡಿನ ಸೂರಿನ ಕ್ಲಾಸಿನಲ್ಲಿ ಆ ಸೀರೆ ಉಟ್ಟು ನಿಂತು ಪಾಠ ಹೇಳಿ ಬಂದವಳ ಕತ್ತು, ಸೊಂಟ ಬೆವರುಸಾಲೆಯಿಂದ ಕೆಂಪಾಗಿರುತ್ತದೆ. ಅದೇ ಶಾಲೆಯ ಗಂಡಸರಿಗೆ ಟೈ. ಬಿಸಿಲು ನೆತ್ತಿಗೆ ಬರುವ ಊರಿನಲ್ಲಿ ಕತ್ತಿಗೆ ಹಗ್ಗ ಬಿಗಿದುಕೊಂಡು ಗಣಿತ ಹೇಳುವುದು ಯಾವ ಲೆಕ್ಕ?

ಯಾಕೆ ಇದೆಲ್ಲ ಎಂದು ನಾನು ಒಂದು ಸಲ ಆ ಶಾಲೆಯವರನ್ನೇ ಕೇಳಿದೆ. ಫೀಸು ಕಟ್ಟುವ ತಂದೆತಾಯಿಗಳು ಇದನ್ನೇ ಬಯಸುತ್ತಾರೆ ಎಂದರು. ಸುಳ್ಳಲ್ಲ. ನಮ್ಮ ಶೇಂಗಾ ದಲ್ಲಾಳಿಗಳು, ಗೊಬ್ಬರದ ಅಂಗಡಿಯವರು, ಟ್ರ್ಯಾಕ್ಟರ್ ಇಟ್ಟುಕೊಂಡ ರೈತರು ಮಕ್ಕಳನ್ನು ಸೇರಿಸುವ ಮುಂಚೆ ನೋಡುವುದು ವ್ಯಾನು, ಗೇಟು, ಟೀಚರ ಸೀರೆ. ಒಂದೇ ಬಣ್ಣದ ಸೀರೆಯಲ್ಲಿ ಹತ್ತು ಜನ ಸಾಲಾಗಿ ನಿಂತರೆ ಶಾಲೆ ಚೆನ್ನಾಗಿದೆ ಎಂದು ತೀರ್ಮಾನ. ಆ ಹತ್ತು ಜನರಲ್ಲಿ ಎಷ್ಟು ಜನಕ್ಕೆ ಟ್ರೈನಿಂಗ್ ಆಗಿದೆ, ಎಷ್ಟು ಜನ ಒಂದು ವರ್ಷಕ್ಕಿಂತ ಹೆಚ್ಚು ನಿಲ್ಲುತ್ತಾರೆ ಎಂದು ಕೇಳುವವರನ್ನು ನಾನು ಕಂಡಿಲ್ಲ. ದನದ ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸದೆ ಕೊಂಬಿನ ಬಣ್ಣ ನೋಡಿ ದುಡ್ಡು ಎಣಿಸುವವನನ್ನು ನಾವೇನಂತ ಕರೆಯುತ್ತೇವೋ, ಇಲ್ಲಿ ಅದನ್ನೇ ನಾವು ಮಾಡುತ್ತಿದ್ದೇವೆ.

ಉಡುಪನ್ನು ಕಡ್ಡಾಯ ಮಾಡುವವರು ದುಡ್ಡನ್ನೂ ಕೊಡಬೇಕು ಎಂಬುದು ಹೊಸ ಮಾತಲ್ಲ. ಏಳನೇ ವೇತನ ಆಯೋಗದ ನಂತರ, 2017ರ ಜುಲೈಯಿಂದ, ಕೇಂದ್ರ ಸರ್ಕಾರ ಸಮವಸ್ತ್ರ ತೊಡುವ ತನ್ನ ನೌಕರರಿಗೆ ಹುದ್ದೆಗೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿ ತನಕ ಉಡುಪು ಭತ್ಯೆ ಗೊತ್ತು ಮಾಡಿತು. ರೈಲಿನ ಹಳಿ ಕಾಯುವ ಟ್ರ್ಯಾಕ್‌ಮನ್‌ಗಳೂ ಅದರಲ್ಲಿದ್ದಾರೆ. ಇದು ಸರಿಯಾದ ಲೆಕ್ಕ. ಮಾಲಿಕನಿಗೆ ಬೇಕಾದ ಬಟ್ಟೆ, ಮಾಲಿಕನ ಖರ್ಚು. ನಮ್ಮಲ್ಲಿ ಗಾಡಿ ಹೊಡೆಯುವ ಜೀತಗಾರನಿಗೂ ಹಬ್ಬಕ್ಕೆ ಒಂದು ಜೊತೆ ಬಟ್ಟೆ ಕೊಡುವ ಪದ್ಧತಿ ಇತ್ತಲ್ಲ. ಆ ಕಾಲದ ಅನ್ಯಾಯವನ್ನು ನಾನು ಹೊಗಳುತ್ತಿಲ್ಲ, ಆದರೆ ಕೊಟ್ಟ ಬಟ್ಟೆಯ ದುಡ್ಡನ್ನು ಕೂಲಿಯಲ್ಲಿ ಮುರಿಯುತ್ತಿರಲಿಲ್ಲ.

ಈಗ ಹಳೇ ಮೇಷ್ಟ್ರ ವಿಷಯಕ್ಕೆ ಬರೋಣ, ಯಾಕೆಂದರೆ ಇಂಥ ಮಾತು ಬಂದಾಗ ಎಲ್ಲರೂ ಅವರನ್ನೇ ಎಳೆದು ತರುತ್ತಾರೆ. ಹಿಂದಿನ ಮೇಷ್ಟ್ರು ಎಷ್ಟು ಶಿಸ್ತು, ಬಿಳೀ ಪಂಚೆ, ಬಿಳೀ ಅಂಗಿ, ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತಿತ್ತು, ಈಗಿನವರು ನೋಡಿ ಎಂದು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಹತ್ತನೆಯದು ಬರೆದದ್ದು ಬಳ್ಳಾರಿಯ ಕಡೆ. ಅದಕ್ಕೇ ನನ್ನದು ಎಸ್ಸೆಸ್ಸೆಲ್ಸಿ, ನನ್ನ ಸೋದರಮಾವನ ಮಕ್ಕಳದು ಎಸ್ಸೆಸ್ಸಿ! ನನಗೆ ಐದನೇ ಕ್ಲಾಸಿನ ತನಕ ಕಲಿಸಿದ ಮೇಷ್ಟ್ರ ಹತ್ತಿರ ಇದ್ದದ್ದು ಎರಡು ಪಂಚೆ, ಎರಡು ಅಂಗಿ, ಒಂದು ಕೋಟು. ಕೋಟು ಇನ್‌ಸ್ಪೆಕ್ಟರು ಬರುವ ದಿನಕ್ಕೆ ಮಾತ್ರ. ದಿನವೂ ಒಂದು ಜೊತೆ ಒಗೆದು ಒಂದು ಜೊತೆ ಉಡುತ್ತಿದ್ದರು. ಪಂಚೆಯ ಅಂಚಿನಲ್ಲಿ ಬೇರೆ ಬಣ್ಣದ ದಾರದಿಂದ ಹೊಲಿದ ಗುರುತುಗಳನ್ನು ಮುಂದಿನ ಸಾಲಿನಲ್ಲಿ ಕೂತ ನಾವೆಲ್ಲ ಎಣಿಸಿದ್ದೇವೆ. ಯಾವ ಸರ್ಕಾರವೂ ಅವರಿಗೆ ಪಂಚೆ ಉಡು ಎಂದು ಹೇಳಿರಲಿಲ್ಲ. ನಮ್ಮಪ್ಪನೂ ಅದನ್ನೇ ಉಡುತ್ತಿದ್ದ, ಗೌಡರೂ ಅದನ್ನೇ ಉಡುತ್ತಿದ್ದರು, ಅಂಗಡಿ ಶೆಟ್ಟರೂ ಅದನ್ನೇ ಉಡುತ್ತಿದ್ದರು. ಊರು ಉಟ್ಟದ್ದನ್ನು ಮೇಷ್ಟ್ರು ಉಟ್ಟರು, ಸ್ವಲ್ಪ ಚೊಕ್ಕಟವಾಗಿ ಉಟ್ಟರು, ಅಷ್ಟೇ. ಈಗ ಊರಿಗೆ ಊರೇ ಪ್ಯಾಂಟಿಗೆ, ಟೀ ಶರ್ಟಿಗೆ, ನೈಟಿಗೆ ಬಂದಿದೆ. ಸಂತೆಯಲ್ಲಿ ಪಂಚೆ ಉಟ್ಟವರನ್ನು ಬೆರಳಲ್ಲಿ ಎಣಿಸಬಹುದು. ಮೇಷ್ಟ್ರು ಮಾತ್ರ ನಾವು ಬಿಟ್ಟುಬಿಟ್ಟ ಸಂಸ್ಕೃತಿಯನ್ನು ನಮ್ಮ ಪರವಾಗಿ ಮೈಮೇಲೆ ಹೊತ್ತು ತಿರುಗಬೇಕು.

ಇನ್ನೂ ಒಂದು ತಮಾಷೆ ಇದೆ. ಸೆಪ್ಟೆಂಬರ್ 5ಕ್ಕೆ ದೇಶದ ಶಾಲೆಗಳಲ್ಲೆಲ್ಲ ಸರ್ವೆಪಲ್ಲಿ ರಾಧಾಕೃಷ್ಣನ್ ಅವರ ಫೋಟೋಕ್ಕೆ ಹಾರ ಹಾಕುತ್ತೇವೆ, 1962ರಿಂದಲೂ ನಡೆದು ಬಂದಿದೆ. ತೆಲುಗಿನವರಾದ ಅವರು 1918ರಿಂದ 1921ರ ತನಕ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕಲಿಸಿದವರು, ಹಾಗಾಗಿ ಎರಡೂ ಕಡೆಯವರಿಗೆ ಬೇಕಾದವರು. ಆ ಫೋಟೋ ನೆನಪು ಮಾಡಿಕೊಳ್ಳಿ. ಬಿಳೀ ಪೇಟ, ಉದ್ದ ಕೋಟು, ಕೆಳಗೆ ಪಂಚೆ. ಶರ್ಟನ್ನು ಪ್ಯಾಂಟಿನೊಳಗೆ ಸೇರಿಸಿರಬೇಕು ಎಂಬ ಮಹಾರಾಷ್ಟ್ರದ ಸೂಚನೆಯನ್ನು ಅಕ್ಷರಶಃ ಹಿಡಿದರೆ, ನಾವು ಹಾರ ಹಾಕುವ ಶಿಕ್ಷಕರೇ ಶಾಲೆಯ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಅದೇ ಮಹಾರಾಷ್ಟ್ರದ ಪುಣೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ಶುರುವಾದಾಗ ಸಾವಿತ್ರಿಬಾಯಿ ಫುಲೆ ಅವರ ಮೇಲೆ ಜನ ಸೆಗಣಿ, ಕೆಸರು ಎರಚುತ್ತಿದ್ದರು. ಆಕೆ ಕೈಯಲ್ಲಿ ಇನ್ನೊಂದು ಸೀರೆ ಹಿಡಿದುಕೊಂಡು ಹೋಗಿ, ಶಾಲೆ ಮುಟ್ಟಿದ ಮೇಲೆ ಬದಲಾಯಿಸಿಕೊಂಡು ಪಾಠ ಹೇಳುತ್ತಿದ್ದರು. ಆಗಲೂ ಟೀಚರ ಮೈಮೇಲೆ ಊರಿನ ಕಣ್ಣಿತ್ತು. ಆಗ ಅವರು ಸೀರೆಯನ್ನೇ ಉಟ್ಟಿದ್ದರು, ಅದರಿಂದ ಮರ್ಯಾದೆಯೇನೂ ಸಿಗಲಿಲ್ಲ.

ಜೀನ್ಸಿನ ವಿಷಯವನ್ನಂತೂ ರಾಯದುರ್ಗ, ಬಳ್ಳಾರಿಯ ಜನ ಬೇರೆ ಥರ ನೋಡಬೇಕು. ಬಳ್ಳಾರಿಯ ಜೀನ್ಸು ನಾಡಿಗೆಲ್ಲ ಹೆಸರುವಾಸಿ. ರಾಯದುರ್ಗದಲ್ಲೂ ಗಲ್ಲಿಗಲ್ಲಿಯಲ್ಲಿ ಹೊಲಿಗೆ ಮಿಷಿನ್ನಿನ ಸದ್ದು. ಕತ್ತರಿಸುವವರು, ಹೊಲಿಯುವವರು, ಗುಂಡಿ ಹಾಕುವವರು, ಒಗೆದು ಬಣ್ಣ ತೆಗೆಯುವವರು, ಮಳೆ ಕೈಕೊಟ್ಟ ವರ್ಷ ಹೊಲ ಬಿಟ್ಟು ಇದೇ ಕೆಲಸಕ್ಕೆ ಹೋದ ನನ್ನಂಥ ರೈತರ ಮಕ್ಕಳು ಎಷ್ಟೋ ಜನ. ಅವರು ಹೊಲಿದ ಪ್ಯಾಂಟಿನ ಕೂಲಿಯಲ್ಲೇ ಅವರ ಮಕ್ಕಳ ಸ್ಲೇಟು, ಪುಸ್ತಕ. ಆ ಮಕ್ಕಳಿಗೆ ಪಾಠ ಹೇಳುವವರು ಅದೇ ಪ್ಯಾಂಟು ಹಾಕಿದರೆ ಅಸಭ್ಯ ಹೇಗಾಗುತ್ತದೆ? ಜೀನ್ಸಿನ ಹುಟ್ಟನ್ನೇ ನೋಡಿ. ಅಮೆರಿಕದಲ್ಲಿ 1873ರಲ್ಲಿ ಲೆವಿ ಸ್ಟ್ರಾಸ್ ಎಂಬ ಬಟ್ಟೆ ವ್ಯಾಪಾರಿ, ಜೇಕಬ್ ಡೇವಿಸ್ ಎಂಬ ದರ್ಜಿ ಇಬ್ಬರೂ ಸೇರಿ ಜೇಬಿನ ಮೂಲೆಗೆ ತಾಮ್ರದ ಮೊಳೆ ಬಡಿದ ಪ್ಯಾಂಟಿಗೆ ಪೇಟೆಂಟ್ ತೆಗೆದುಕೊಂಡರು. ಕೂಲಿಯವರ ಪ್ಯಾಂಟಿನ ಜೇಬು ಹರಿಯದೆ ಇರಲಿ ಎಂಬುದೇ ಅದರ ಉದ್ದೇಶ. ದುಡಿಯುವವರ ಬಟ್ಟೆ ಅದು. ಹುಡುಗರು ಸಿನಿಮಾ ನೋಡಿ ಹರಿದ ಜೀನ್ಸು ಹಾಕುವುದು ಈಚಿನ ಚಾಳಿ. ಹರಿದದ್ದು ಹಾಕಿ ಬಂದ ಮೇಷ್ಟ್ರಿಗೆ ಬೇಡ ಅನ್ನಿ, ನಾನೂ ಅನ್ನುತ್ತೇನೆ.

ಹಾಗಾದರೆ ಮೇಷ್ಟ್ರು ಏನು ಹಾಕಿದರೂ ನಡೆಯುತ್ತದೆಯೇ? ಇಲ್ಲ. 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆಯನ್ನು ನಾನು ಅಲ್ಲಗಳೆಯುವವನಲ್ಲ. ಮೂವತ್ತು ಜೊತೆ ಕಣ್ಣು ದಿನಕ್ಕೆ ಐದಾರು ತಾಸು ಒಬ್ಬರನ್ನೇ ನೋಡುತ್ತಿರುತ್ತವೆ. ಬೆವರು ನಾರುವ ಅಂಗಿ, ಗುಟ್ಕಾ ಕಲೆಯ ಜೇಬು ಇದ್ದರೆ ಮಕ್ಕಳು ಅದನ್ನೂ ಕಲಿಯುತ್ತಾರೆ. ಎದೆಯ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಬರೆದ ಟೀ ಶರ್ಟು ಹಾಕಿ ಬಂದ ಒಬ್ಬ ಯುವಕ ಮೇಷ್ಟ್ರನ್ನು ನಾನೇ ಕಂಡಿದ್ದೇನೆ. ಹುಡುಗರು ಬೋರ್ಡು ಬಿಟ್ಟು ಎದೆಯನ್ನೇ ಕೂಡಿಸಿ ಕೂಡಿಸಿ ಓದುತ್ತಿದ್ದರು! ನನ್ನ ಆಕ್ಷೇಪ ಬಟ್ಟೆಯ ಜಾತಿಗಿಂತ ಅದರ ಮೇಲಿನ ಬರಹಕ್ಕೆ. ಸಿನಿಮಾ ಹೀರೋನ ಮುಖ, ಪಕ್ಷದ ಬಣ್ಣದ ಶಾಲು, ಜಾತಿ ಸಂಘದ ಬ್ಯಾಡ್ಜು ಇವುಗಳನ್ನು ಶಾಲೆಯ ಹೊರಗೆ ಬಿಟ್ಟು ಬರಬೇಕು. ಚುನಾವಣೆಯ ವರ್ಷದಲ್ಲಿ ಇದರ ಅಗತ್ಯ ಏನೆಂದು ನಮ್ಮ ಸೀಮೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಆಟದ ಮೇಷ್ಟ್ರಿಗೆ ಟ್ರ್ಯಾಕ್ ಪ್ಯಾಂಟೇ ಸರಿ. ಶರ್ಟು ಒಳಗೆ ಸೇರಿಸಿ ಬೆಲ್ಟು ಬಿಗಿದುಕೊಂಡವರು ಕಬಡ್ಡಿ ಕಲಿಸುವುದು ಸೀಟಿ ಊದುವುದರಲ್ಲೇ ಮುಗಿಯುತ್ತದೆ.

ಉಡುಪಿನ ಶಿಸ್ತು ಹೆಚ್ಚಾದ ಕಡೆ ರೈತನಿಗೆ ಬಾಗಿಲು ಮುಚ್ಚುತ್ತದೆ ಎಂಬುದನ್ನೂ ನಾವು ಮರೆಯಬಾರದು. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಮೆಟ್ರೋ ನಿಲ್ದಾಣದಲ್ಲಿ ಬಟ್ಟೆ ಕೊಳಕಾಗಿದೆ ಎಂದು ತಲೆಯ ಮೇಲೆ ಗಂಟು ಹೊತ್ತ ರೈತನನ್ನು ತಡೆದರು. ಅದೇ ವರ್ಷ ಜುಲೈನಲ್ಲಿ ಪಂಚೆ ಉಟ್ಟು ಬಂದ ರೈತನನ್ನು ಒಂದು ಮಾಲಿನೊಳಗೆ ಬಿಡಲಿಲ್ಲ. ಗಲಾಟೆಯಾಗಿ ಸರ್ಕಾರ ಆ ಮಾಲನ್ನು ಒಂದು ವಾರ ಮುಚ್ಚಿಸಿತು. ಚೆನ್ನೈಯಲ್ಲಿ 2014ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರನ್ನೇ ಪಂಚೆ ಉಟ್ಟಿದ್ದಾರೆ ಎಂದು ಕ್ಲಬ್ಬಿನೊಳಗೆ ಬಿಡದೆ, ಕೊನೆಗೆ ತಮಿಳುನಾಡು ಅದೇ ವರ್ಷ ಕಾನೂನನ್ನೇ ಮಾಡಬೇಕಾಯಿತು. ನನಗೂ ಒಂದು ಅನುಭವ ಇದೆ. ಮೊಮ್ಮಗಳ ಪ್ರೋಗ್ರೆಸ್ ಕಾರ್ಡು ಕೊಡುವ ದಿನ ಒಂದು ಶಾಲೆಯ ಗೇಟಿನಲ್ಲಿ ವಾಚ್‌ಮನ್ ನನ್ನ ಲುಂಗಿ ನೋಡಿ, ಸಾರು ಬೈತಾರೆ, ಪ್ಯಾಂಟು ಹಾಕ್ಕೊಂಡು ಬರ್ರಿ ಎಂದ. ಆತನೂ ನಮ್ಮ ಕಡೆಯ ರೈತನೇ, ಖಾಕಿ ಹಾಕಿದ್ದ. ಟೀಚರಿಗೆ ಒಂದು ಬಣ್ಣ, ವಾಚ್‌ಮನ್ನಿಗೆ ಒಂದು ಬಣ್ಣ ಗೊತ್ತು ಮಾಡಿದವರು ಕೊನೆಗೆ ತಂದೆತಾಯಿಗಳಿಗೂ ಒಂದು ಬಣ್ಣ ಗೊತ್ತು ಮಾಡುತ್ತಾರೆ. ಹೊಲದಿಂದ ನೇರವಾಗಿ ಬಂದವನು ಮೇಷ್ಟ್ರ ಹತ್ತಿರ ನಿಂತು ಮಗನ ಓದು ಹೆಂಗದೆ ಎಂದು ಕೇಳುವ ಸಲಿಗೆ ಇದ್ದ ಕಾಲದಲ್ಲೇ ನಮ್ಮ ಶಾಲೆಗಳು ಚೆನ್ನಾಗಿದ್ದವು.

ನಮ್ಮ ಗಡಿ ಊರುಗಳಲ್ಲಿ ಕನ್ನಡ ಮೇಷ್ಟ್ರು ಸಿಗುವುದೇ ಕಷ್ಟ. ಒಬ್ಬರು ವರ್ಗವಾಗಿ ಹೋದರೆ ಇನ್ನೊಬ್ಬರು ಬರುವ ತನಕ ಮಕ್ಕಳು ಪಕ್ಕದ ತೆಲುಗು ಕ್ಲಾಸಿನಲ್ಲಿ ಕೂರುತ್ತಾರೆ, ಕೂತವರು ಅಲ್ಲೇ ಉಳಿಯುತ್ತಾರೆ. ತೆಲುಗು ನನಗೆ ಪರಭಾಷೆಯಲ್ಲ, ಅದರಲ್ಲೂ ನಾನು ಬರೆಯುತ್ತೇನೆ. ಆದರೆ ಕನ್ನಡ ಕ್ಲಾಸು ಖಾಲಿಯಾಗಲು ಕಾರಣ ಮೇಷ್ಟ್ರಿಲ್ಲದಿರುವುದೇ ಹೊರತು ಮಕ್ಕಳಿಲ್ಲದಿರುವುದಲ್ಲ. ಇಂಥ ಕಡೆ ಬಳ್ಳಾರಿಯಿಂದ ಬಸ್ಸು ಹತ್ತಿ ಬರುವ ಒಬ್ಬ ಟೀಚರಮ್ಮನನ್ನು ನೂರು ಜನರ ಮುಂದೆ ನಿಲ್ಲಿಸಿ ಸೀರೆಯ ಮಾತೆತ್ತಿದರೆ, ಆಕೆ ಮುಂದಿನ ವರ್ಗಾವಣೆಗೆ ಅರ್ಜಿ ಹಾಕದೆ ಇನ್ನೇನು ಮಾಡಬೇಕು? ಸಭೆಯಲ್ಲಿ ನಾನು ಇಷ್ಟನ್ನೇ ಕೇಳಿದೆ. ಹಿರಿಯರಿಗೆ ಸ್ವಲ್ಪ ಸಿಟ್ಟು ಬಂತು. ಅಂಗಡಿಯವರು, "ಅದೀ ನಿಜಮೇ" ಅಂದರು. ಗೊತ್ತುವಳಿ ಆಗಲಿಲ್ಲ. ಟೀಚರಮ್ಮ ಈಗಲೂ ಚೂಡಿದಾರದಲ್ಲೇ ಬರುತ್ತಾರೆ, ಮಕ್ಕಳು ಈಗ ಒತ್ತಕ್ಷರ ಬರೆಯುತ್ತಿದ್ದಾರೆ.

ಶಾಲೆಯಲ್ಲಿ ನಿಜವಾಗಿ ಉಡುಪು ಬೇಕಾದವರು ಇಬ್ಬರಿದ್ದಾರೆ, ಅವರ ಕಡೆ ಯಾವ ಆದೇಶವೂ ಗಟ್ಟಿಯಾಗಿ ನೋಡುವುದಿಲ್ಲ. ಬಿಸಿಯೂಟ ಬೇಯಿಸುವ ಹೆಂಗಸರು. ಶಾಲೆಯ ಅಡುಗೆಮನೆಗಳ ಶುಚಿತ್ವದ ಬಗ್ಗೆ ಕೇಂದ್ರ 2015ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಅಡುಗೆಯವರು ಏಪ್ರನ್ ಹಾಕಬೇಕು, ತಲೆಗೆ ಟೋಪಿ ಇರಬೇಕು ಎಂಬ ಮಾತಿದೆ. ಕಾಗದದಲ್ಲಿ ಇರುವುದು ಒಲೆಯ ಹತ್ತಿರ ಇಲ್ಲ. ನಮ್ಮೂರ ಶಾಲೆಯಲ್ಲಿ ಇಬ್ಬರೂ ಪಾಲಿಯೆಸ್ಟರ್ ಸೀರೆಯ ಸೆರಗನ್ನು ಸೊಂಟಕ್ಕೆ ಸುತ್ತಿಕೊಂಡು ದೊಡ್ಡ ಪಾತ್ರೆ ಇಳಿಸುತ್ತಾರೆ. ಸಿಂಥೆಟಿಕ್ ಬಟ್ಟೆಗೆ ಕಿಡಿ ತಾಗಿದರೆ ಅದು ಉರಿದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅವರಿಗೆ ಕೇಂದ್ರದ ಲೆಕ್ಕದಲ್ಲಿ 2009ರಿಂದಲೂ ತಿಂಗಳಿಗೆ 1,000 ರೂಪಾಯಿ ಗೌರವಧನ, ಅದೂ ವರ್ಷಕ್ಕೆ 10 ತಿಂಗಳು. ಅದರ ಮೇಲೆ ರಾಜ್ಯಗಳು ತಮ್ಮ ಕೈಯಿಂದ ಒಂದಿಷ್ಟು ಸೇರಿಸುತ್ತವೆ. ಆ ದುಡ್ಡಿನಲ್ಲಿ ಅವರೇ ಏಪ್ರನ್ ಕೊಂಡುಕೊಳ್ಳಲಿ ಎನ್ನುವುದಕ್ಕೆ ಬಾಯಿ ಬರುವುದಿಲ್ಲ.

ಇದನ್ನು ಓದುವ ರಾಯದುರ್ಗ, ಬಳ್ಳಾರಿಯ ಗಾರ್ಮೆಂಟ್ಸ್ ಮಾಲಿಕರಲ್ಲಿ ಒಂದು ಮಾತು. ನಿಮ್ಮ ಕಟಿಂಗ್ ಟೇಬಲ್ಲಿನ ಕೆಳಗೆ ಬಿದ್ದಿರುವ ದಪ್ಪ ಕಾಟನ್ ಡೆನಿಮ್ ತುಂಡುಗಳನ್ನು ಈಗ ಮೂಟೆ ಕಟ್ಟಿ ಕಿಲೋ ಲೆಕ್ಕದಲ್ಲಿ ಮಾರುತ್ತೀರಿ. ಎರಡು ಮೂರು ದೊಡ್ಡ ತುಂಡು ಜೋಡಿಸಿದರೆ ಒಂದು ಏಪ್ರನ್ ಆಗುತ್ತದೆ. ಕಾಟನ್ನೇ ಇರಲಿ, ಸಿಂಥೆಟಿಕ್ ಬೆರೆತ ಬಟ್ಟೆ ಬೇಡ. ಕತ್ತಿಗೆ ಒಂದು ಲಾಡಿ, ಸೊಂಟಕ್ಕೆ ಎರಡು, ಮುಂದೆ ಒಂದು ಜೇಬು, ಅಷ್ಟೇ ಹೊಲಿಗೆ. ಒಂದು ಮಿಷಿನ್ನಿಗೆ ಅರ್ಧ ದಿನದ ಕೆಲಸದಲ್ಲಿ ಒಂದು ಮಂಡಲದ ನಾಲ್ಕಾರು ಶಾಲೆಗೆ ಆಗುವಷ್ಟು ತಯಾರಾಗುತ್ತವೆ. ನಮ್ಮೂರ ಅಡುಗೆಯವರಿಬ್ಬರಲ್ಲಿ ಒಬ್ಬರು ಎತ್ತರ, ಇನ್ನೊಬ್ಬರು ಕುಳ್ಳು. ಇಬ್ಬರ ಅಳತೆಯನ್ನೂ ಟೇಪು ಹಿಡಿದು ಬರೆದಿಟ್ಟುಕೊಂಡಿದ್ದೇನೆ. ಯಾರು ಹೊಲಿಯುತ್ತೀರೋ ಅವರಿಗೆ ಸೋಮವಾರದ ಬಸ್ಸಿನಲ್ಲೇ ತಂದು ಕೊಡುತ್ತೇನೆ.